ಕಲ್ಲಜ್ಜನ ಜೊತೆಗೆ ಬಂದವಳು

ಬರೆಯುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ತಮ್ಮ ಬಗ್ಗೆ ಬರೆಯಿರಿ ಎಂದು ಚಾಂಥೂ ಯಾರನ್ನೂ ಕೇಳಿದವರಲ್ಲ. ಬರೆಯಲೇ ಎಂದಾಗ ಬೇಡವೆಂದರು. ಇನ್ನೊಮ್ಮೆ ಕೇಳಿದಾಗಲೂ ಬೇಡವೆಂದರು. ಕೊನೆಗೆ ಪೊರಕೆಯನ್ನು ಗೋಡೆಗೆ ಒರಗಿಸಿ, "ಬರೀರಿ ಹಾಗಾದ್ರೆ. ಆದ್ರೆ ನಮ್ಮಣ್ಣ ಬುನ್ನಾ ಕದ್ದ ಅಂತ ಬರೀಬೇಡಿ. ಕದೀಲಿಲ್ಲ ಅಂತಾನೂ ಬರೀಬೇಡಿ. ನಂಗೇ ಗೊತ್ತಿಲ್ದಿರೋದು ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದರು. ಆ ಮಾತಿಗೆ ಕಟ್ಟುಬಿದ್ದು ಬರೆದದ್ದಿದು. ಎಲ್ಲಾದರೂ ಜಾರಿದ್ದರೆ ತಪ್ಪು ಬರೆದ ಕೈಯದು, ಹೇಳಿದ ಬಾಯಿಯದಲ್ಲ.

ನದಿಯ ಮೇಲೆ ಇನ್ನೂ ಮಬ್ಬು ಕವಿದಿರುವಾಗಲೇ ನಮ್ಮ ಪ್ರಾಂತೀಯ ವಸ್ತುಸಂಗ್ರಹಾಲಯದ ಹಿಂಬಾಗಿಲು ತೆರೆಯುತ್ತದೆ. ಚಾಂಥೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಡುತ್ತಾರೆ. ದೀಪ ಹಾಕುವುದಿಲ್ಲ. ಎಲ್ಲಿ ಸಿಂಹದ ಪಂಜ ಚಾಚಿದೆ, ಎಲ್ಲಿ ನೆಲದ ಹೆಂಚು ಎದ್ದಿದೆ ಎಂಬುದು ಕಾಲಿಗೇ ಗೊತ್ತು. ಉದ್ದ ಹಜಾರದ ಎರಡೂ ಬದಿಗೆ ಕಲ್ಲಿನ ದೇವರುಗಳು, ದ್ವಾರಪಾಲಕರು, ಬಾಗಿಲವಾಡದ ಮುರುಕುಗಳು. ಎಲ್ಲಕ್ಕೂ ಒಂದು ಸುತ್ತು ಪೊರಕೆ ಆಡಿಸಿ, ಕೊನೆಯಲ್ಲಿ ಅವರು ನಡುವಿನ ಪೀಠದ ಎದುರು ಮಂಡಿಯೂರುತ್ತಾರೆ. ಅಲ್ಲಿ ನಿಂತಿರುವವನು ಕಲ್ಲಜ್ಜ.

ಪಕ್ಕದ ಫಲಕದಲ್ಲಿ 'ವಿಷ್ಣು, ಮರಳುಗಲ್ಲು, ಹತ್ತನೆಯ ಶತಮಾನ' ಎಂದಿದೆ. "ನಮ್ಮೂರಲ್ಲಿ ಯಾರಿಗೂ ವಿಷ್ಣು ಗೊತ್ತಿಲ್ಲ. ಅಜ್ಜ ಗೊತ್ತು," ಎನ್ನುತ್ತಾರೆ ಚಾಂಥೂ. ಹಿಂದಿನ ದಿನ ಬಂದವರು ಪಾದದ ಬಳಿ ಇಟ್ಟುಹೋದದ್ದನ್ನೆಲ್ಲ ಬುಟ್ಟಿಗೆ ತುಂಬುತ್ತಾರೆ: ಮಲ್ಲಿಗೆ ಮೊಗ್ಗು, ವೀಳ್ಯದೆಲೆ, ಸಿಗರೇಟು, ಹಚ್ಚದ ಊದುಬತ್ತಿ. ಒಳಗೆ ಬೆಂಕಿ ಕೂಡದೆಂಬ ನಿಯಮವಿರುವುದರಿಂದ ಜನ ಊದುಬತ್ತಿಯನ್ನು ಹಾಗೇ ಇಟ್ಟು ಕೈಮುಗಿಯುತ್ತಾರೆ. "ಸಿಗರೇಟು ಕೊಡೋರು ಸಾವಿರ ಜನ. ಬೆಂಕಿಪೊಟ್ಟಣ ಕೊಡೋರು ಒಬ್ಬರೂ ಇಲ್ಲ ಪಾಪ ಅಜ್ಜನಿಗೆ," ಎಂದು ನಗುತ್ತಾರೆ. ಆಮೇಲೆ ಜನ ಅಜ್ಜನ ಮೈಗೆ ಹಚ್ಚಿಹೋದ ಸೆಂಟು, ಪೌಡರು, ಬೆರಳಿನ ಎಣ್ಣೆಜಿಡ್ಡು. ಮೆತ್ತನೆಯ ಕುಂಚದಲ್ಲಿ ಕೊಡವಿ, ಹಿಂಡಿದ ಹತ್ತಿಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯುತ್ತಾರೆ, ಉಜ್ಜುವುದಿಲ್ಲ.

ಮುಖವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಮುಟ್ಟುವ ಮೊದಲು ಹಣೆಯವರೆಗೆ ಕೈಯೆತ್ತಿ ಮುಗಿದು, "ತಲೆ ಮುಟ್ತೀನಿ, ತಪ್ಪು ತಿಳ್ಕೋಬೇಡಿ," ಎನ್ನುತ್ತಾರೆ. ಮನುಷ್ಯರ ತಲೆಯನ್ನೇ ಇಲ್ಲಿ ಯಾರೂ ಮುಟ್ಟುವುದಿಲ್ಲ, ಇನ್ನು ಅಜ್ಜನದು. ಕುತ್ತಿಗೆಯ ಸುತ್ತ ಕಪ್ಪು ಗೆರೆಯಂತೆ ಒಂದು ಸಂದು ಕಾಣುತ್ತದೆ. ಈ ತಲೆ ಬಂದದ್ದು ಈ ಏಪ್ರಿಲ್‌ನಲ್ಲಿ. ಅದು ಈ ಮೈಯದೇ ಹೌದೋ ಅಲ್ಲವೋ ಯಾರಿಗೂ ಗೊತ್ತಿಲ್ಲ. ಹೌದಾದರೆ, ಚಾಂಥೂ ಅವರ ಅಣ್ಣ ಕಳ್ಳನೆನಿಸಿಕೊಳ್ಳುತ್ತಾನೆ.

ಚಾಂಥೂ ಹುಟ್ಟಿದ್ದು ತ್ರಪಾಂಗ್ ಚೂಕ್ ಎಂಬ ಹಳ್ಳಿಯಲ್ಲಿ. ಊರ ತಾವರೆಕೆರೆಯ ದಂಡೆಯಲ್ಲಿ ತಗಡಿನ ಸೂರಿನ ಕೆಳಗೆ ಕಲ್ಲಜ್ಜ ನಿಂತಿದ್ದ. ಹುಟ್ಟಿದ ಮಗುವನ್ನು ಮೊದಲು ಅಜ್ಜನಿಗೆ ತೋರಿಸಬೇಕು, ಹೊಸ ಎತ್ತು ತಂದರೆ ಅಜ್ಜನಿಗೆ ಹೇಳಬೇಕು, ಸುಳ್ಳು ಹೇಳಿದನೆಂಬ ಅನುಮಾನ ಬಂದವನು ಅಜ್ಜನ ಮುಂದೆ ಆಣೆಯಿಟ್ಟು ನೀರು ಕುಡಿಯಬೇಕು. ಪ್ರತಿ ಹೊಸ ವರ್ಷಕ್ಕೆ ಊರವರು ಅಜ್ಜನ ಮುಖಕ್ಕೆ ಚಿನ್ನದ ರೇಕು ಅಂಟಿಸುತ್ತಿದ್ದರು. ಅದರ ಮೇಲೆ ಪೌಡರು, ಕಾಡಿಗೆಯಲ್ಲಿ ಬರೆದ ಹುಬ್ಬು, ಅಗಲವಾಗಿ ತೆರೆದ ಎರಡು ಕಣ್ಣು. ಚಾಂಥೂ ಅವರ ಅಜ್ಜಿಯ ಕಾಲದಲ್ಲಿ ಒಮ್ಮೆ ಮರದ ಕೊಂಬೆ ಬಿದ್ದು ತಲೆ ಉರುಳಿತ್ತಂತೆ. ಊರವರು ಅರ ತಂದು ಮುರಿದ ಜಾಗವನ್ನು ಎರಡೂ ಕಡೆ ಸಮವಾಗಿ ಉಜ್ಜಿ, ಸಿಮೆಂಟು ಹಾಕಿ ಕೂರಿಸಿದರು. ಅಕ್ಕರೆಯಿಂದಲೇ ಮಾಡಿದ ಕೆಲಸ. ಅದರ ಬೆಲೆ ಈಗ ತಿಳಿಯುತ್ತಿದೆ.

ಕಾಳಗ ಇನ್ನೂ ಪೂರ್ತಿ ನಿಂತಿರದ ದಿನಗಳವು. ಬಂದೂಕು ಹಿಡಿದವರು ಹಳ್ಳಿ ಹಳ್ಳಿ ಸುತ್ತಿ ಕಲ್ಲುದೇವರ ತಲೆ ಕೊಯ್ದು ಗಡಿಯಾಚೆ ಸಾಗಿಸುತ್ತಿದ್ದರು. ಪಕ್ಕದೂರಿನ ಸರದಿ ಮುಗಿದಾಗ ತ್ರಪಾಂಗ್ ಚೂಕ್‌ನ ಹಿರಿಯರು ಕೂತು ಮಾತಾಡಿದರು. ಮೈಯನ್ನು ಅಲುಗಿಸುವುದಕ್ಕೂ ಆಗದು. ತಲೆಯನ್ನಾದರೂ ನಾವೇ ತೆಗೆದು ಬಚ್ಚಿಡೋಣ, ಬಚ್ಚಿಟ್ಟ ಜಾಗ ಒಬ್ಬನಿಗೆ ಮಾತ್ರ ಗೊತ್ತಿರಲಿ ಎಂದು ತೀರ್ಮಾನವಾಯಿತು. ಮೀಯಾಸ್ ಎಂಬ ಹಿರಿಯ ಅದಕ್ಕೆ ಕೊಟ್ಟ ಕಾರಣ ಚಾಂಥೂ ಅವರಿಗೆ ಇನ್ನೂ ನೆನಪಿದೆ: "ಇಬ್ಬರಿಗೆ ಗೊತ್ತಿದ್ರೆ ಒಬ್ಬನನ್ನ ಹೊಡೆದು ಇನ್ನೊಬ್ಬನ ಬಾಯಿ ಬಿಡಿಸ್ತಾರೆ. ಒಬ್ಬನಿಗೇ ಗೊತ್ತಿದ್ರೆ, ಅವನು ಗಟ್ಟಿಯಾಗಿದ್ರೆ ಸಾಕು."

ಆರಿಸಿದ್ದು ಬುನ್ನಾನನ್ನು. ಮದುವೆಯಾಗಿರಲಿಲ್ಲ, ಕೆಲವು ಮಳೆಗಾಲ ಭಿಕ್ಕುವಾಗಿದ್ದು ಬಂದವನು, ಮಾತು ಕಡಿಮೆ. ಊರವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಯಾರೂ ಇಣುಕಬಾರದೆಂದು ಕಟ್ಟಪ್ಪಣೆ. ಬುನ್ನಾ ಸಿಮೆಂಟು ಬಿಡಿಸಿ ಅಜ್ಜನ ತಲೆಯನ್ನು ಅವ್ವನ ಚೌಕಳಿ ವಸ್ತ್ರದಲ್ಲಿ ಸುತ್ತಿ, ಕೂಸನ್ನು ಕಟ್ಟಿಕೊಂಡಂತೆ ಬೆನ್ನಿಗೆ ಕಟ್ಟಿಕೊಂಡು ಹೊರಟ. ಮರುದಿನ ಮಧ್ಯಾಹ್ನ ಬಂದ. ಕೈ ಉಗುರಿನ ಸಂದಿಯಲ್ಲೆಲ್ಲ ಮಣ್ಣು. "ಅಜ್ಜ ಮಲಗಿದಾರೆ," ಎಂದಷ್ಟೇ ಹೇಳಿ ಉಣ್ಣಲು ಕೂತ.

ಬಂದೂಕಿನವರು ಬಂದರು. ತಲೆಯಿಲ್ಲದ್ದನ್ನು ಕಂಡು ಸಿಟ್ಟಿಗೆದ್ದು ಅಜ್ಜನ ಕೈಗಳನ್ನು ಒಡೆದರು. ಊರ ಗಂಡಸರನ್ನು ಕೆರೆಯ ಏರಿಯ ಮೇಲೆ ಸಾಲಾಗಿ ಕೂರಿಸಿ ಹೊಡೆದರು. ಬುನ್ನಾನಿಗೂ ಬಿತ್ತು. ಅವನು ಬಾಯಿ ಬಿಡಲಿಲ್ಲ. ಅದೇ ಮಳೆಗಾಲದಲ್ಲಿ ಮಲೇರಿಯಾ ಅವನನ್ನು ಒಯ್ದಿತು.

"ಕೇಳ್ದೆ. ಅವ್ವನೂ ಕೇಳಿದ್ಲು," ಎನ್ನುತ್ತಾರೆ ಚಾಂಥೂ. "'ಕಾಳಗ ನಿಲ್ಲಲಿ, ಹೇಳ್ತೀನಿ' ಅಂದ. ಚಳಿಜ್ವರ ಅಲ್ವಾ, ಇಳಿಯುತ್ತೆ ಅಂದ್ಕೊಂಡಿದ್ದ. ನಾವೂ ಹಂಗೇ ಅಂದ್ಕೊಂಡ್ವಿ. ಸಾಯ್ತಾನೆ ಅಂತ ಯಾರಿಗೆ ಗೊತ್ತಿತ್ತು?"

ಆಮೇಲೆ ಊರು ಅಗೆಯಿತು. ಹುತ್ತ ಅಗೆದರು, ಹುಣಸೆಮರದ ಬುಡ ಅಗೆದರು, ಬೇಸಿಗೆಯಲ್ಲಿ ಕೆರೆಯ ಹೂಳು ಎತ್ತಿದರು. ಗುಡ್ಡದ ಕಡೆಗೆ ಹೋಗಲು ನೆಲಬಾಂಬಿನ ಹೆದರಿಕೆ. ಸಿಗಲಿಲ್ಲ. ಆದರೂ ಬುನ್ನಾನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಪಿತೃಗಳ ಹಬ್ಬದಲ್ಲಿ ಊರ ಬೌದ್ಧ ವಿಹಾರದ ಸುತ್ತ ಸತ್ತವರಿಗೆ ಅನ್ನದ ಉಂಡೆ ಹಾಕುವಾಗ ಊರವರು ಮೊದಲು ಕೂಗುತ್ತಿದ್ದುದೇ ಅವನ ಹೆಸರು. ಅಜ್ಜನನ್ನು ಉಳಿಸಿದವನು ಎಂದು.

ಶಾಂತಿ ನೆಲೆಸಿದ ಮೇಲೆ ಸರ್ಕಾರದ ಲಾರಿ ಬಂದು ಅಜ್ಜನನ್ನು ಪಟ್ಟಣಕ್ಕೆ ಒಯ್ಯುತ್ತೇವೆಂದಾಗ ಹೆಂಗಸರು ಚಕ್ರದ ಮುಂದೆ ಮಲಗಿದರು. ಕೊನೆಗೆ ಒಂದು ಒಪ್ಪಂದವಾಯಿತು: ಅಜ್ಜನ ಜೊತೆ ಊರಿನವರೊಬ್ಬರು ಹೋಗಬೇಕು, ಅಲ್ಲೇ ಇರಬೇಕು. "ನಿಮ್ಮಣ್ಣ ತಲೆ ನೋಡ್ಕೊಂಡ, ನೀನು ಮೈ ನೋಡ್ಕೋ," ಎಂದ ಮೀಯಾಸ್. ಚಾಂಥೂ ಅವರಿಗೆ ಆಗಷ್ಟೇ ಒಂದು ಸಂಬಂಧ ಮಾತಾಗಿತ್ತು. ಗಂಡು ಪಟ್ಟಣಕ್ಕೆ ಬರಲೊಲ್ಲೆ ಎಂದ. ಅವರು ಲಾರಿಯ ಹಿಂಭಾಗದಲ್ಲಿ, ಹುಲ್ಲಿನ ಮೇಲೆ ಮಲಗಿಸಿದ್ದ ಅಜ್ಜನ ಪಕ್ಕದಲ್ಲಿ ಕೂತು ಬಂದರು. ಕಸಗುಡಿಸುವ ಕೆಲಸ, ಹಿತ್ತಿಲಲ್ಲಿ ಒಂದು ಕೋಣೆ. ಅಂದಿನಿಂದ ಅದೇ ಬದುಕು.

ವಾರದ ದಿನಗಳಲ್ಲಿ ಸಂಗ್ರಹಾಲಯಕ್ಕೆ ಬರುವವರನ್ನು ಬೆರಳಲ್ಲಿ ಎಣಿಸಬಹುದು. ಒಳಗೆ ತಂಪಿರುತ್ತದೆಂದು ಬರುವ ಜೋಡಿಗಳು, ಒಂದಿಬ್ಬರು ಪ್ರವಾಸಿಗರು. ಭಾನುವಾರ ಮಾತ್ರ ಸುತ್ತಲಿನ ಊರುಗಳಿಂದ ಸಂಸಾರ ಸಮೇತ ಬರುತ್ತಾರೆ. ಬುತ್ತಿ ಬಿಚ್ಚಿ ಅಂಗಳದ ಮಾವಿನ ಕೆಳಗೆ ಉಂಡು, ಒಳಗೆ ಬಂದು ಸಿಂಹಗಳನ್ನು ಕಂಡು ನಗುತ್ತಾರೆ. "ನೋಡೇ, ಈ ಸಿಂಹಕ್ಕೆ ನಿಮ್ಮಪ್ಪನ ಹಲ್ಲು!" ತಲೆ ಬರುವ ಮೊದಲಾದರೆ, "ಈ ಅಜ್ಜ ಪುಣ್ಯವಂತ ಕಣೋ, ತಲೆನೇ ಇಲ್ಲ, ತಲೆನೋವು ಎಲ್ಲಿಂದ ಬರ್ಬೇಕು?" ಇಂಥ ಮಾತು ಕೇಳಿ ಕೇಳಿ ಚಾಂಥೂ ಅವರ ಕಿವಿ ದಡ್ಡುಗಟ್ಟಿದೆ.

ವರ್ಷಕ್ಕೊಂದು ದಿನ, ಏಪ್ರಿಲ್‌ನ ಹೊಸ ವರ್ಷಕ್ಕೆ, ತ್ರಪಾಂಗ್ ಚೂಕ್ ಊರೇ ಲಾರಿ ಹತ್ತಿ ಬರುತ್ತದೆ. ಹೊಸ ಬಟ್ಟೆ, ಪಾತ್ರೆ ತುಂಬ ಅಕ್ಕಿ ಶಾವಿಗೆ, ಮೀನಿನ ಸಾರು, ಬಾಳೆಲೆಯಲ್ಲಿ ಬೇಯಿಸಿದ ಕಡುಬು. ಅಂದು ಅಜ್ಜನಿಗೆ ಪರಿಮಳದ ನೀರೆರೆಯುವುದು ವಾಡಿಕೆ. ಕಲ್ಲಿಗೆ ನೀರು ಕೂಡದೆಂದು ನಿರ್ದೇಶಕರು ಹೇಳಿದಾಗ ಊರವರು ಮುನಿಸಿಕೊಂಡಿದ್ದರು. ಚಾಂಥೂ ಅದಕ್ಕೊಂದು ದಾರಿ ಮಾಡಿಕೊಟ್ಟರು. ಮಲ್ಲಿಗೆ ನೀರಿನ ಬೋಗುಣಿಯಲ್ಲಿ ಬಟ್ಟೆ ನೆನೆಸುತ್ತಾರೆ. ಊರವರು ಒಬ್ಬೊಬ್ಬರಾಗಿ ಅದರ ಮೇಲೆ ಅಂಗೈ ಒತ್ತುತ್ತಾರೆ. ಆಮೇಲೆ ಚಾಂಥೂ ಅದನ್ನು ಚೆನ್ನಾಗಿ ಹಿಂಡಿ ಅಜ್ಜನ ಪಾದಕ್ಕೆ ಮುಟ್ಟಿಸುತ್ತಾರೆ. ಎಲ್ಲರೂ ಎರೆದಂತೆಯೇ ಲೆಕ್ಕ.

ಈ ವರ್ಷ ಹೊಸ ವರ್ಷಕ್ಕೆ ಎರಡು ದಿನ ಮುಂಚೆ ರಾಜಧಾನಿಯಿಂದ ಮೊನಿರೊತ್ ಎಂಬ ಹುಡುಗಿ ಬಂದಳು. ಒಡೆದ ಶಿಲ್ಪಗಳನ್ನು ಜೋಡಿಸುವ ಕೆಲಸದವಳು. ಜೊತೆಗೆ ಒಂದು ಮರದ ಪೆಟ್ಟಿಗೆ. ಪರದೇಶದಿಂದ ಹಿಂತಿರುಗಿದ ಕಲ್ಲುಗಳಲ್ಲಿ ಒಂದು ತಲೆ ಈ ಮೈಗೆ ಹೊಂದಬಹುದೆಂಬ ಅನುಮಾನವಿತ್ತು. ಅವಳು ಅಳತೆ ತೆಗೆದಳು, ಕಲ್ಲಿನ ಬಣ್ಣ ನೋಡಿದಳು, ಕುತ್ತಿಗೆಯ ಮೇಲೆ ಬೆರಳಾಡಿಸಿ ನಿಟ್ಟುಸಿರಿಟ್ಟಳು.

"ಅಜ್ಜಿ, ಕಲ್ಲು ಒಂದೇ ಥರ ಇದೆ. ಅಳತೆನೂ ಸರಿಹೋಗುತ್ತೆ. ಆದ್ರೆ ಈ ಕಲ್ಲಲ್ಲಿ, ಈ ಅಳತೇಲಿ ಎಷ್ಟೋ ಮೂರ್ತಿ ಮಾಡಿದಾರೆ. ಮುರಿದ ಜಾಗ ಉಳಿದಿದ್ರೆ ಒಂದಕ್ಕೊಂದು ಕೂರುತ್ತಾ ನೋಡಿ ಖಂಡಿತ ಹೇಳ್ತಿದ್ದೆ. ಯಾರೋ ಅದನ್ನ ಉಜ್ಜಿಬಿಟ್ಟಿದಾರೆ."

"ನಮ್ಮೋರೇ," ಎಂದರು ಚಾಂಥೂ.

"ತಲೆ ಕಡೆನೂ ಅಷ್ಟೇ. ಇಟ್ಕೊಂಡಿದ್ದೋರು ಪೀಠಕ್ಕೆ ಕೂರಿಸೋಕೆ ಅಂತ ಕೆಳಗೆ ಕೊಯ್ದಿದಾರೆ. ಸಿಮೆಂಟು, ಚಿನ್ನ ಏನಿತ್ತೋ ಎಲ್ಲ ತೊಳೆದುಹಾಕಿದಾರೆ." ಅವಳು ಪೆಟ್ಟಿಗೆಯನ್ನು ಅವರ ಕಡೆ ತಿರುಗಿಸಿ ಕೇಳಿದಳು, "ನೀವು ಚಿಕ್ಕೋರಿದ್ದಾಗ ದಿನಾ ನೋಡಿದ್ದೀರಲ್ಲ. ಮುಖದ ಗುರುತು ಸಿಗುತ್ತಾ?"

ಚಾಂಥೂ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತರು. ಒಳಗಿದ್ದುದು ಬರಿಗಲ್ಲಿನ ಮುಖ. ತೆಳ್ಳಗಿನ ತುಟಿ, ಮುಚ್ಚಿದ ಕಣ್ಣು. "ಈ ಮುಖ ನಾನು ನೋಡೇ ಇಲ್ಲ, ಮಗಳೇ. ನಮ್ಮಜ್ಜನ ಕಣ್ಣು ತೆರೆದಿತ್ತು. ಅದು ನಾವು ಬರೆದ ಕಣ್ಣು. ಅದರ ಕೆಳಗೆ ಅವರ ಕಣ್ಣು ಹೆಂಗಿತ್ತೋ ಯಾರು ಕಂಡೋರು?" ತಲೆಮಾರುಗಳಿಂದ ಚಿನ್ನ ಬಳಿದು ಬಳಿದು ಊರು ತನ್ನ ಅಜ್ಜನ ಮುಖವನ್ನೇ ಕಾಣದೆ ಹೋಗಿತ್ತು. ಆ ರಾತ್ರಿ ಚಾಂಥೂ ಅವರಿಗೆ ನಿದ್ದೆ ಹತ್ತಲಿಲ್ಲ. ಗುರುತು ಸಿಗಲಿಲ್ಲವೋ, ಗುರುತು ಸಿಗುವುದು ತನಗೇ ಬೇಕಿರಲಿಲ್ಲವೋ ಎಂಬ ಪ್ರಶ್ನೆ ಅವರನ್ನು ಈಗಲೂ ಬಿಟ್ಟಿಲ್ಲ.

ಹೊಸ ವರ್ಷದ ದಿನ ಲಾರಿ ಬಂತು. ತಲೆಯನ್ನು ಮೈಯ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ನಿರ್ದೇಶಕರು ವಿಷಯ ತಿಳಿಸಿ, "ಊರವರು ನಮ್ಮದೇ ಅಂದ್ರೆ ಇಲ್ಲೇ ಇರುತ್ತೆ. ಇಲ್ಲಾಂದ್ರೆ ರಾಜಧಾನಿಯ ಉಗ್ರಾಣಕ್ಕೆ ವಾಪಸ್ ಹೋಗುತ್ತೆ," ಎಂದರು. ಎಲ್ಲರೂ ಮೀಯಾಸ್ ಕಡೆ ನೋಡಿದರು. ಅವನಿಗೆ ಈಗ ಕಣ್ಣು ಕಾಣುವುದಿಲ್ಲ. ಇಬ್ಬರು ತೋಳು ಹಿಡಿದು ಮುಂದೆ ತಂದರು. ಮುದುಕ ಕೈಮುಗಿದು ಕ್ಷಮೆ ಕೇಳಿ, ಬೆರಳಲ್ಲಿ ಹಣೆ, ಮೂಗು, ಗಲ್ಲ ಸವರಿ ಕಿವಿಗೆ ಬಂದು ನಿಂತ.

"ಇದೇ ಕಿವಿ," ಎಂದ. "ಹುಡುಗನಾಗಿದ್ದಾಗ ಈ ಕಿವೀಲೇ ನಾನು ಬೇಡ್ಕೊಂಡಿದ್ದು. ಅಜ್ಜ ಬಂದವ್ರೆ ಕಣ್ರೋ."

ಹೆಂಗಸರು ಗೊಳೋ ಎಂದು ಅತ್ತರು. ಗಂಡಸರು ನೆಲಕ್ಕೆ ಹಣೆ ಹಚ್ಚಿದರು. ಆ ಗದ್ದಲದ ನಡುವೆ ಸೊಕ್‌ಲೀ ಎಂಬ ಹೆಂಗಸು, ಚಾಂಥೂ ಅವರ ಓರಗೆಯವಳು, ಮೆಲ್ಲಗೆ ಕೇಳಿದಳು: "ಹಂಗಾದ್ರೆ ಬುನ್ನಾ ಹೂತಿದ್ದೇನು?"

ನೆಲಕ್ಕೆ ಹಣೆ ಹಚ್ಚಿದ್ದವರು ತಲೆಯೆತ್ತಿದರು.

"ಕಳ್ಳರು ಅಗೆದು ತೆಗೆದಿರ್ತಾರೆ ಬಿಡು," ಎಂದ ಒಬ್ಬ.

"ನಾವು ಅಷ್ಟು ವರ್ಷ ಅಗೆದ್ವಿ, ಸಿಗ್ಲಿಲ್ಲ. ಕಳ್ಳರಿಗೆ ಮಾತ್ರ ಅಜ್ಜ ಕೂಗಿ ಕರೆದ್ರಾ? ಇಲ್ಲ, ಅಜ್ಜನೇ ಎದ್ದು ನಡ್ಕೊಂಡು ಹೋಗಿ ಹಡಗು ಹತ್ತಿದ್ರಾ?"

"ಬಾಯಿ ಮುಚ್ಚೇ, ಸೊಕ್‌ಲೀ. ಹಬ್ಬದ ದಿನ."

"ಮುಚ್ತೀನಿ. ನಾನು ಮುಚ್ಚಿದ್ರೆ ನಿಮ್ಮ ಮನಸು ಮುಚ್ಚುತ್ತಾ?"

ಆಗ ಮೀಯಾಸ್ ಚಾಂಥೂ ಎಲ್ಲಿದ್ದಾರೆಂದು ತಿಳಿಯದೆ ಅತ್ತಿತ್ತ ಮುಖ ತಿರುಗಿಸಿ, "ಚಾಂಥೂ, ಎಲ್ಲಿದ್ದೀಯಮ್ಮ? ಇಷ್ಟು ಕಾಲ ಅಜ್ಜನ ಜೊತೆ ಇದ್ದೋಳು ನೀನು. ನನ್ನ ಕೈ ಮುದಿಕೈ, ತಪ್ಪಿರಬಹುದು. ನೀನು ಅಲ್ಲ ಅಂದ್ರೆ ಅಲ್ಲ," ಎಂದ.

ಅಲ್ಲ ಎಂಬ ಒಂದು ಮಾತು ಸಾಕಿತ್ತು. ಅಣ್ಣ ತಲೆ ಮಾರಿಕೊಂಡನೆಂಬ ಅನುಮಾನ ಅಳಿದು ಅವನ ಹೆಸರು ಉಳಿಯುತ್ತಿತ್ತು; ಪೆಟ್ಟಿಗೆ ಉಗ್ರಾಣಕ್ಕೆ ಹೋಗುತ್ತಿತ್ತು; ಊರು ಮೊದಲಿನಂತೆ ಬರಿ ಕುತ್ತಿಗೆಗೆ ಕೈಮುಗಿದು ಮನೆಗೆ ಹೋಗುತ್ತಿತ್ತು. ಚಾಂಥೂ ಮುದುಕನ ಬೆರಳು ನೋಡಿದರು. ಅದು ಇನ್ನೂ ಕಿವಿಯನ್ನು ಬಿಟ್ಟಿರಲಿಲ್ಲ.

"ನಂಗೆ ಗೊತ್ತಿಲ್ಲ," ಎಂದರು. "ನಿಮ್ಮ ಕೈಗೆ ಗೊತ್ತಾಯ್ತಲ್ಲ, ಸಾಕು. ಇರ್ಲಿ."

ಆಮೇಲೆ ಅಂಗಳದಲ್ಲಿ ಎಲೆ ಹಾಕಿದರು. ಅಷ್ಟು ನಗು, ಅಷ್ಟು ಮಾತು ಯಾವ ವರ್ಷವೂ ಇರಲಿಲ್ಲವಂತೆ. ಸೊಕ್‌ಲೀ ಶಾವಿಗೆಯ ಬಟ್ಟಲು ತಂದು ಚಾಂಥೂ ಅವರ ಮುಂದಿಟ್ಟಳು, ಮುಖ ನೋಡಲಿಲ್ಲ. "ಮೀನಿನ ಮುಳ್ಳಿದೆ, ನೋಡ್ಕೊಂಡು ತಿನ್ನು," ಎಂದಷ್ಟೇ ಹೇಳಿ ಹೋದಳು. ಚಾಂಥೂ ಪೂರ್ತಿ ಉಂಡರು.

ಯಾಕೆ ಹಾಗೆ ಹೇಳಿದಿರಿ ಎಂದರೆ ಅವರು ಸೆರಗಿನಂತೆ ಹೆಗಲಿಗಿಳಿಬಿಟ್ಟ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ. "ಮೀಯಾಸ್ ಅಜ್ಜ ಬರೋ ವರ್ಷ ಇರ್ತಾನೋ ಇಲ್ವೋ. ಬದುಕಿರೋರಿಗೆ ಒಂದು ಮುಖ ಬೇಕು. ಸತ್ತೋನಿಗೇನು ಅವಸರ? ಬುನ್ನಾ ಕಾಯ್ತಾನೆ ಅಂದ್ಕೊಂಡೆ."

ಆದರೆ ಸೆಪ್ಟೆಂಬರಿನ ಪಿತೃಗಳ ಹಬ್ಬಕ್ಕೆ ಅವರು ಊರಿಗೆ ಹೋದಾಗ, ನಸುಕಿನಲ್ಲಿ ವಿಹಾರದ ಸುತ್ತ ಅನ್ನದ ಉಂಡೆ ಹಾಕುವಾಗ, ಮೊದಲ ಹೆಸರಾಗಿ ಬೇರೆ ಯಾರದೋ ಹೆಸರು ಕೇಳಿಸಿತು. ಕಾದರು. ಸುತ್ತು ಮುಗಿಯಿತು. ಬುನ್ನಾ ಎಂದು ಯಾರೂ ಕೂಗಲಿಲ್ಲ. ಯಾರೂ ಬೈಯಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಬಾಯಿಗೆ ಬರಲಿಲ್ಲ, ಅಷ್ಟೆ. ಎಲ್ಲರೂ ಹೋದ ಮೇಲೆ ಚಾಂಥೂ ಒಬ್ಬರೇ ಇನ್ನೊಂದು ಸುತ್ತು ಬಂದು, ಉಳಿದ ಅನ್ನ ಚೆಲ್ಲಿ, ಹೆಸರು ಹೇಳಿದರು. "ಜೋರಾಗಿ ಕೂಗೋಕೆ ಆಗ್ಲಿಲ್ಲ. ಮೆತ್ತಗೆ ಹೇಳ್ದೆ. ಕೇಳಿಸಿತೋ ಇಲ್ವೋ ಅವನಿಗೆ."

ಅಂದಿನಿಂದ ಭಾನುವಾರಗಳಲ್ಲಿ ಅವರಿಗೊಂದು ಹೊಸ ಅಭ್ಯಾಸ. ರಜೆ ಕಳೆಯಲೆಂದು ಬಂದ ಜನ ಕಲ್ಲಜ್ಜನ ಮುಂದೆ ನಿಂತಾಗ, ಪೊರಕೆ ಹಿಡಿದು ಕಂಬದ ಪಕ್ಕ ನಿಂತು ಅವರ ಮುಖ ನೋಡುತ್ತಾರೆ. ಯಾರಾದರೂ ಒಂದು ಗಳಿಗೆ ಹೆಚ್ಚು ನಿಂತರೆ ಹತ್ತಿರ ಹೋಗಿ, "ನಿಮ್ದು ಯಾವೂರು?" ಎನ್ನುತ್ತಾರೆ. ಬಾಗಿಲು ಕಾಯುವ ಹೆಂಗ್ ರೇಗಿಸುತ್ತಾನೆ: "ಟಿಕೆಟ್ ನಾನು ಕೇಳ್ತೀನಿ, ಊರು ನೀನು ಕೇಳ್ತೀಯ. ಇಬ್ಬರಿಗೂ ಹೆದರಿ ಜನ ಬರೋದೇ ಬಿಡ್ತಾರೆ ನೋಡ್ಕೋ, ಅಜ್ಜಿ."

ಮೊನ್ನೆ ಗುಡ್ಡದಾಚೆಯ ಊರಿನ ಒಬ್ಬ ಮುದುಕಿ ಆ ಮುಖದ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಚಾಂಥೂ ಪೊರಕೆಯನ್ನು ಕಂಬಕ್ಕೆ ಒರಗಿಸಿದರು. ಓಡಿಹೋಗಿ ಕೈ ಹಿಡಿದು, "ಗುರುತು ಸಿಕ್ತಾ ಅಕ್ಕ? ನಿಮ್ಮೂರಿನ ಅಜ್ಜನಾ?" ಎಂದು ಕೇಳಿದರು. ಮುದುಕಿ ಗಾಬರಿಯಾಗಿ, "ಇಲ್ಲಮ್ಮ. ನಮ್ಮ ಯಜಮಾನ್ರು ಮಲಗಿದ್ರೆ ಹಿಂಗೇ ಕಾಣೋರು," ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನೆಲದ ಮೇಲೆ ಕೂತಿದ್ದರು.

ಬೇರೆ ಯಾವುದೋ ಊರಿನಲ್ಲಿ ತಲೆಯಿಲ್ಲದ ಇನ್ನೊಬ್ಬ ಅಜ್ಜ ನಿಂತಿರಬಹುದು, ಅವನ ಮೈಯನ್ನು ಇನ್ನೊಬ್ಬಳು ಒರೆಸುತ್ತಿರಬಹುದು ಎಂದು ಚಾಂಥೂ ನಂಬಿದ್ದಾರೆ. ಅವರ ಆಸೆ ಇಷ್ಟೆ: "ಯಾರಾದ್ರೂ ಬಂದು 'ಇದು ನಮ್ಮಜ್ಜ, ಕೊಡಿ' ಅನ್ಲಿ. ನಾನೇ ಹೊತ್ಕೊಂಡು ಹೋಗಿ ಗಾಡಿ ಹತ್ತಿಸ್ತೀನಿ."

ಆಗ ತ್ರಪಾಂಗ್ ಚೂಕ್‌ಗೆ ಮತ್ತೆ ಅಜ್ಜನ ಮುಖ ಇಲ್ಲದಂತಾಗುತ್ತದಲ್ಲ ಎಂದರೆ ಅವರು ಒರೆಸುವ ಬಟ್ಟೆಯನ್ನು ಮಡಿಚುತ್ತಾರೆ. "ಹೌದು. ಅದಕ್ಕೇ ಯಾರನ್ನೂ ಹುಡುಕ್ಕೊಂಡು ಹೋಗಿಲ್ಲ. ಬಂದ್ರೆ ಬರ್ಲಿ ಅಂತಿದ್ದೀನಿ. ಬರೋವರೆಗೂ ಈ ಮುಖಕ್ಕೆ ಧೂಳು ಕೂರೋಕೆ ಬಿಡಲ್ಲ. ಯಾರ ಅಜ್ಜನೇ ಆಗ್ಲಿ, ಇಲ್ಲಿ ನನ್ನನ್ನ ಸರಿಯಾಗಿ ನೋಡ್ಕೊಳ್ಲಿಲ್ಲ ಅನ್ನಬಾರದು."

ಬುನ್ನಾ ಬೆನ್ನಿಗೆ ಕಟ್ಟಿಕೊಂಡು ಹೋದದ್ದು ಈಗ ಹಜಾರದಲ್ಲಿದೆಯೋ, ಗುಡ್ಡದ ಮಣ್ಣಿನಲ್ಲಿ ಇನ್ನೂ ಮಲಗಿದೆಯೋ, ವಿಚಾರಿಸಿದ ಯಾರಿಂದಲೂ ತಿಳಿಯಲಿಲ್ಲ. ಅವನು ಆ ದಿನ ಯಾವ ದಿಕ್ಕಿಗೆ ಹೋದನೆಂದು ಹೇಳಬಲ್ಲವರೂ ಇಲ್ಲ. ಊರಿನಲ್ಲಿ ಅಂದು ಯಾರೂ ಇಣುಕಿ ನೋಡಿರಲಿಲ್ಲ.